ಬೀಡಿ ಕಟ್ಟುವ ಅಮ್ಮನ ಸೊಂಟನೋವು: ನೆಲದ ಮೇಲೆ ಹೇಗೆ ಕುಳಿತರೆ ಒಳ್ಳೆಯದು?

ಪ್ರಶ್ನೆ (ಬಜಪೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಈಗ 54 ವರ್ಷ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದಲೂ ಬೀಡಿ ಕಟ್ಟುತ್ತಿದ್ದಾರೆ. ನನ್ನ ಕಾಲೇಜಿನ ಶುಲ್ಕದ ಬಹುಪಾಲು ಆ ದುಡಿಮೆಯಿಂದಲೇ ಬಂದದ್ದು. ಬೆಳಗಿನ ಮನೆಗೆಲಸ ಮುಗಿಸಿ, ಚಕ್ಕಳಮಕ್ಕಳ ಹಾಕಿ ಕುಳಿತು ತಡ್ಪೆಯನ್ನು (ಎಲೆ, ತಂಬಾಕು ಇಟ್ಟುಕೊಳ್ಳುವ ಮೊರ) ತೊಡೆಯ ಮೇಲಿಟ್ಟುಕೊಂಡರೆಂದರೆ ಮಧ್ಯಾಹ್ನದ ಊಟದವರೆಗೆ ಏಳುವುದೇ ಇಲ್ಲ. ಸುಮಾರು ಒಂದು ವರ್ಷದಿಂದ ಅವರು ಏಳುವಾಗ ನೆಲಕ್ಕೆ ಕೈಯೂರಬೇಕಾಗಿದೆ, ಬಾಗಿದ ಸೊಂಟದಲ್ಲೇ ನಾಲ್ಕು ಹೆಜ್ಜೆ ನಡೆದ ಮೇಲೆ ಬೆನ್ನು ನೆಟ್ಟಗಾಗುತ್ತದೆ.

ವೈದ್ಯರು ಪರೀಕ್ಷಿಸಿ, ಗಾಬರಿಪಡುವಂಥದ್ದೇನೂ ಇಲ್ಲ, ಕುಳಿತುಕೊಳ್ಳುವ ಭಂಗಿಯನ್ನು ಸರಿಪಡಿಸಿಕೊಳ್ಳಿ ಎಂದರು. ಅಂದಿನಿಂದ ಅಮ್ಮ ಬೆನ್ನನ್ನು ಕೋಲಿನಂತೆ ನೆಟ್ಟಗೆ ಇಟ್ಟುಕೊಂಡು ಕೂರಲು ಪ್ರಯತ್ನಿಸಿದರು. ಅರ್ಧ ಗಂಟೆಯಲ್ಲಿ ನೋವು ಮೊದಲಿಗಿಂತ ಹೆಚ್ಚಾಯಿತು. ಎಲ್ಲಿ ಹುಡುಕಿದರೂ ಕುರ್ಚಿ, ಮೇಜು, ಕಂಪ್ಯೂಟರಿನ ಎತ್ತರದ ಮಾತೇ ಸಿಗುತ್ತದೆ. ನೆಲದ ಮೇಲೆ ಕುಳಿತು ದುಡಿಯುವವರಿಗೆ ದಾರಿ ಯಾವುದು? ಕೆಲಸ ಬಿಡಿ ಎಂಬ ಸಲಹೆಯನ್ನು ಅವರು ಒಪ್ಪುವುದಿಲ್ಲ.

ಉತ್ತರ 1 (ಫಿಸಿಯೋಥೆರಪಿಸ್ಟ್, ಉಡುಪಿ)

ನಿಮ್ಮ ಅಮ್ಮ ಮಾಡಿದ ಪ್ರಯತ್ನದಲ್ಲಿ ತಪ್ಪಿಲ್ಲ, ನೆಟ್ಟಗೆ ಎಂಬ ಮಾತನ್ನು ನಾವು ಹೇಳುವ ರೀತಿಯಲ್ಲಿ ತಪ್ಪಿದೆ. ನಮ್ಮ ಬೆನ್ನು ಹುಟ್ಟಿನಿಂದ ಕೋಲಲ್ಲ. ಸೊಂಟದ 5 ಕಶೇರುಕಗಳ (ಬೆನ್ನೆಲುಬಿನ ಮಣಿಗಳ) ಜಾಗದಲ್ಲಿ ಅದು ಒಳಕ್ಕೆ ಸ್ವಲ್ಪ ಬಾಗಿರಬೇಕು. ಚಕ್ಕಳಮಕ್ಕಳ ಹಾಕಿ ಕುಳಿತಾಗ ಮಂಡಿಗಳು ಸೊಂಟಕ್ಕಿಂತ ಮೇಲಿದ್ದರೆ ಪೃಷ್ಠದ ಮೂಳೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ, ಆ ಒಳಬಾಗು ಅಳಿದುಹೋಗುತ್ತದೆ, ಬೆನ್ನು ಹೊರಕ್ಕೆ ಗೂನಾಗುತ್ತದೆ. ಆ ಸ್ಥಿತಿಯಲ್ಲಿ ಕುಳಿತವರು ಬಲವಂತವಾಗಿ ನೆಟ್ಟಗಾಗಲು ಹೊರಟರೆ ಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ಸೆಟೆದುಕೊಂಡಿರಬೇಕಾಗುತ್ತದೆ. ಅಮ್ಮನಿಗೆ ಆದದ್ದು ಬಹುಶಃ ಅದೇ.

ಆದ್ದರಿಂದ ಬೆನ್ನನ್ನು ತಿದ್ದುವ ಮೊದಲು ಆಸನವನ್ನು ತಿದ್ದಿ. ಹಳೆಯ ಕಂಬಳಿಯನ್ನು ಗಟ್ಟಿಯಾಗಿ ಮಡಚಿ, ಅಥವಾ ಮಣೆಯ ಮೇಲೆ ದಪ್ಪ ಬಟ್ಟೆ ಹಾಕಿ, ಮಂಡಿಗಳು ಸೊಂಟಕ್ಕಿಂತ ಕೆಳಗೆ ಬರುವಷ್ಟು ಎತ್ತರ ಮಾಡಿಕೊಳ್ಳಲಿ. ಹೆಚ್ಚಿನವರಿಗೆ 4ರಿಂದ 6 ಅಂಗುಲ ಬೇಕಾಗುತ್ತದೆ. ಬೆನ್ನು ಗೋಡೆಗೆ ತಾಗಲಿ, ಸೊಂಟದ ಒಳಬಾಗಿಗೆ ಸುರುಳಿ ಸುತ್ತಿದ ಟವೆಲ್ ಇರಲಿ. ತಡ್ಪೆ ತೊಡೆಯ ಮೇಲಿದ್ದರೆ ಕಣ್ಣು ಅದನ್ನು ಹಿಂಬಾಲಿಸುತ್ತದೆ, ಕಣ್ಣಿನ ಹಿಂದೆ ಕತ್ತು, ಕತ್ತಿನ ಹಿಂದೆ ಬೆನ್ನು ಹೋಗುತ್ತದೆ. ಅದನ್ನು ಮುಂದಿಟ್ಟ ಸಣ್ಣ ಸ್ಟೂಲಿನ ಮೇಲಿಟ್ಟು, ಮೊಣಕೈಯ ಮಟ್ಟಕ್ಕೆ ಹತ್ತಿರ ತನ್ನಿ. ಬೆಳಕು ಕಡಿಮೆಯಿದ್ದರೆ ಎಂಥವರೂ ಬಾಗುತ್ತಾರೆ, ಆದ್ದರಿಂದ ಮಳೆಗಾಲದ ಮೋಡದ ದಿನಗಳಲ್ಲಿ ದೀಪ ಹಾಕಲು ಹಿಂಜರಿಯಬಾರದು.

1960ರ ದಶಕದಲ್ಲಿ ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ ಬೆನ್ನಿನ ಕಶೇರುಕಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ನೊಳಗೇ ಸೂಜಿಯಿಳಿಸಿ ಒತ್ತಡವನ್ನು ಅಳೆದಿದ್ದರು. ನಿಂತಿರುವಾಗ ಇದ್ದುದಕ್ಕಿಂತ ಮುಂದಕ್ಕೆ ಬಾಗಿ ಕುಳಿತಾಗ ಒತ್ತಡ ಹೆಚ್ಚಿತ್ತು. ಆದರೆ ಎಷ್ಟೇ ಚೆನ್ನಾದ ಭಂಗಿಯಾದರೂ ಮೂರು ಗಂಟೆ ಕದಲದೆ ಕುಳಿತರೆ ಅದು ಕೆಟ್ಟ ಭಂಗಿಯೇ ಆಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟದ ಮೇಲೆ ಎರಡೂ ಕೈಯಿಟ್ಟು, ನಿಧಾನವಾಗಿ ಐದು ಸಲ ಹಿಂದಕ್ಕೆ ಬಾಗಿ, ಅಂಗಳದಲ್ಲಿ ಒಂದು ಸುತ್ತು ಬಂದರೆ ಸಾಕು. ಹಾಗೆ ಬಾಗುವಾಗ ನೋವು ಕಾಲಿಗೆ ಇಳಿದರೆ ಅದನ್ನು ನಿಲ್ಲಿಸಬೇಕು.

ಉತ್ತರ 2 (ಕಟಪಾಡಿಯಿಂದ)

ನಾನೂ 28 ವರ್ಷ ಬೀಡಿ ಕಟ್ಟಿದವಳು, ಮಗಳೇ. ಗಡಿಯಾರ ನೋಡಿ ಏಳುವುದು ನಮ್ಮಿಂದಾಗುವುದಿಲ್ಲ, ಏಕೆಂದರೆ ಲೆಕ್ಕವಿರುವುದು ಬೀಡಿಯಲ್ಲಿ, ನಿಮಿಷದಲ್ಲಲ್ಲ. ನಾನು ಇಷ್ಟು ಕಟ್ಟು ಮುಗಿದರೆ ಏಳುವುದು ಎಂದು ನಿಶ್ಚಯಿಸಿಕೊಂಡು, ಕುಡಿಯುವ ನೀರಿನ ಚೊಂಬನ್ನು ಬೇಕೆಂದೇ ಅಡುಗೆಮನೆಯಲ್ಲಿ ಬಿಡುತ್ತಿದ್ದೆ. ಕತ್ತರಿಸಿದ ಎಲೆಯನ್ನೂ ನೂಲನ್ನೂ ಪಕ್ಕದಲ್ಲಿ ದೂರವಿಟ್ಟು ಪ್ರತಿ ಸಲ ಸೊಂಟ ತಿರುಚುವುದಕ್ಕಿಂತ ಎದುರಿಗೇ ಇಟ್ಟುಕೊಳ್ಳುವುದು ಒಳ್ಳೆಯದು. ಮನೆಗೆ ಜಗಲಿಯಿದ್ದರೆ ಸಂಜೆಯ ಹೊತ್ತು ಅದರ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಕಟ್ಟಲಿ. ಒಂದೇ ದಿನದಲ್ಲಿ ಎರಡು ಬಗೆಯ ಕೂರುವಿಕೆ ಆದಂತಾಗುತ್ತದೆ.

ಇನ್ನೊಂದು ಸಂಗತಿ. ಹಗಲಿಡೀ ಕುಳಿತ ಸೊಂಟದ ಮೇಲೆ ಸಂಜೆ ತುಂಬಿದ ಕೊಡಪಾನವನ್ನು ಹೇರಬೇಡಿ. ಬಾವಿಯ ನೀರನ್ನು ಎರಡು ಸಣ್ಣ ಪಾತ್ರೆಗಳಲ್ಲಿ ಎರಡು ಕೈಗೂ ಸಮನಾಗಿ ಹಂಚಿಕೊಂಡು ತರುವುದೋ, ಅಥವಾ ಆ ಕೆಲಸವನ್ನು ನೀವೇ ವಹಿಸಿಕೊಳ್ಳುವುದೋ ಮಾಡಿ.

ಉತ್ತರ 3 (ವೈದ್ಯ, ಮಣಿಪಾಲ)

ಮೇಲಿನ ಎರಡೂ ಸಲಹೆಗಳನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಭಂಗಿಯೊಂದೇ ನೋವಿನ ಕಾರಣವೆಂದು ಅಮ್ಮನ ಮನಸ್ಸಿನಲ್ಲಿ ಬೇರೂರುವುದು ಬೇಡ. ನಿದ್ದೆ, ಚಿಂತೆ, ಸ್ನಾಯುಗಳ ಬಲ, ಋತುಬಂಧದ ನಂತರ ಮೂಳೆ ಸವೆಯುವುದು, ಇವೆಲ್ಲವೂ ಸೇರಿಕೊಂಡಿರುತ್ತವೆ. ನೋವು ಹೆಚ್ಚಾದ ದಿನ ಹಾಸಿಗೆ ಹಿಡಿಯುವುದಕ್ಕಿಂತ ಆಗುವಷ್ಟು ಓಡಾಡುವುದೇ ಲೇಸು. ಸೊಂಟದ ಬೆಲ್ಟನ್ನು ದಿನವಿಡೀ ಕಟ್ಟಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಬಾರದು.

ಕಾಲಿನ ಬಲ ಕುಂದಿದರೆ, ಜ್ವರವೋ ಕಾರಣವಿಲ್ಲದ ತೂಕ ಇಳಿಕೆಯೋ ಜೊತೆಗಿದ್ದರೆ, ಮಲಗಿದರೂ ರಾತ್ರಿಯ ನೋವು ತಗ್ಗದಿದ್ದರೆ ತಡಮಾಡದೆ ಮತ್ತೆ ತೋರಿಸಿ. ಮಲಮೂತ್ರದ ಹಿಡಿತ ತಪ್ಪಿದರೆ, ಅಥವಾ ತೊಡೆಯ ಸಂದಿಯ ಸುತ್ತ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ ಕೇಳಿದವರಿಂದ, 12 ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಕಂಬಳಿ ಮಡಚಿ ಹಾಕಿದ ಮೇಲೆ ಅಮ್ಮನ ಮಂಡಿಗಳು ಕೆಳಗಿಳಿದವು. ಸ್ಟೂಲಿನ ಮೇಲೆ ತಡ್ಪೆ ಜಾರುತ್ತಿತ್ತು, ಅಡಿಯಲ್ಲಿ ಒಂದು ರಬ್ಬರಿನ ಚಾಪೆಯ ತುಂಡು ಹಾಕಿದೆವು. ಮೊದಲ ವಾರ ಕೈಯ ವೇಗ ಕಡಿಮೆಯಾಯಿತೆಂದು ಬೇಸರಿಸಿದರು, ಈಗ ಅದು ಹಿಂದಿನಷ್ಟೇ ಆಗಿದೆ. ನೋವು ಪೂರ್ತಿ ಹೋಗಿಲ್ಲ; ಆದರೆ ನಿನ್ನೆ ಊಟಕ್ಕೆ ಕರೆದಾಗ ನೆಲಕ್ಕೆ ಕೈಯೂರದೆ ಎದ್ದರು. ನೀರು ತರುವ ಕೆಲಸ ಈಗ ನನ್ನದು.