ಮೊಬೈಲ್ ನಂಬರನ್ನೇ ಪ್ರೈಮರಿ ಕೀ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ರಾಜಾಜಿನಗರದ ಮಕ್ಕಳ ಕ್ಲಿನಿಕ್ ಒಂದರ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೇನೆ. ಮೈಎಸ್‌ಕ್ಯೂಎಲ್ ಡೇಟಾಬೇಸ್. ಪೇಷೆಂಟ್ ಟೇಬಲ್‌ಗೆ ಮೊಬೈಲ್ ನಂಬರೇ ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸುವ, ಎರಡು ಸಲ ಬರಬಾರದ ಕಾಲಂ). ಅಣ್ಣ, ತಂಗಿ ಇಬ್ಬರಿಗೂ ಅಮ್ಮನ ನಂಬರ್ ಕೊಡುತ್ತಾರೆ, ಎರಡನೇ ಮಗು ಸೇರುವುದೇ ಇಲ್ಲ. ಜೊತೆಗೆ, ಒಂದು ದಿನ ಯಾರ್ಯಾರು ಬಂದಿದ್ದರು ಅಂತ ಹುಡುಕಿದರೆ ತುಂಬಾ ನಿಧಾನ. ಬಂದ ಸಮಯ ಇಡುವ ವಿಸಿಟ್_ಟೈಮ್ ಕಾಲಂ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಜೋಡಿಸಿದ ಪಟ್ಟಿ) ಇದೆ. ಹುಡುಕುವ ಕ್ವೆರಿಯಲ್ಲಿ ಡೇಟ್(ವಿಸಿಟ್_ಟೈಮ್) = '2025-06-10' ಅಂತಿದೆ.

ಉತ್ತರ: ಮೊದಲು ಕೀ ಸರಿ ಮಾಡಿ ಮೇಡಂ. ಆ ನಂಬರ್ ಮನೆಯದ್ದು, ಮಗುವಿನದ್ದಲ್ಲ. ಸಿಮ್ ಬದಲಾದರೆ ವಿಸಿಟ್, ಬಿಲ್, ಲಸಿಕೆ ಟೇಬಲ್‌ಗಳನ್ನೆಲ್ಲಾ ತಿದ್ದಬೇಕಾಗುತ್ತೆ. ಪೇಷೆಂಟ್_ಐಡಿ ಅಂತ ಆಟೋ ಇನ್‌ಕ್ರಿಮೆಂಟ್ (ಸಂಖ್ಯೆ ತಾನೇ ಏರುತ್ತಾ ಹೋಗುವ) ಕಾಲಂ ಇಟ್ಟು ಅದನ್ನೇ ಪ್ರೈಮರಿ ಕೀ ಮಾಡಿ. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಎಂಜಿನ್ ಆದ ಇನ್ನೋಡಿಬಿ ಸಾಲುಗಳನ್ನು ಪ್ರೈಮರಿ ಕೀ ಕ್ರಮದಲ್ಲೇ ಜೋಡಿಸುತ್ತದೆ. ಉಳಿದ ಪ್ರತಿ ಇಂಡೆಕ್ಸ್ ಒಳಗೂ ಆ ಕೀ ಕೂತಿರುತ್ತದೆ. ಹಾಗಾಗಿ ಕೀ ಚಿಕ್ಕದಿದ್ದಷ್ಟೂ ಲಾಭ, ದೊಡ್ಡ ಪೂರ್ಣಾಂಕ ಇಡುವ ಬಿಗ್‌ಇಂಟ್ ಆದರೂ ಬರೀ 8 ಬೈಟ್. ಮೊಬೈಲ್‌ಗೆ ಮಾಮೂಲಿ ಇಂಡೆಕ್ಸ್ ಸಾಕು, ಯೂನಿಕ್ (ಒಂದೇ ಬೆಲೆ ಎರಡು ಸಲ ಬರಬಾರದು ಅನ್ನುವ ನಿಯಮ) ಬೇಡ. ಅಕ್ಷರಗಳನ್ನಿಡುವ ವಾರ್ಚಾರ್‌ನಲ್ಲೇ ಇಡಿ, ಯಾರೋ +91 ಹಾಕಿ ಕೊಟ್ಟರೆ ಆ ಪ್ಲಸ್ ಉಳಿಯಬೇಕಲ್ವಾ?

ಇನ್ನು ಕ್ವೆರಿ. ಕಾಲಂ ಸುತ್ತ ಫಂಕ್ಷನ್ ಹಾಕಿದ್ದೀರಿ. ಇಂಡೆಕ್ಸ್‌ನಲ್ಲಿ ಇರುವುದು ವಿಸಿಟ್_ಟೈಮ್, ಅದರ ಡೇಟ್ ಅಲ್ಲ. ಹಾಗಾಗಿ ಪ್ರತಿ ಸಾಲಿಗೂ ಲೆಕ್ಕ ಹಾಕಿ ನೋಡುತ್ತದೆ. ಹೀಗೆ ಬರೆಯಿರಿ:

ವಿಸಿಟ್_ಟೈಮ್ >= '2025-06-10' ಆಂಡ್ ವಿಸಿಟ್_ಟೈಮ್ < '2025-06-11'

ಕೊನೆಗೆ 23:59:59 ಅಂತ ಮಾತ್ರ ಹಾಕಬೇಡಿ. ಸೆಕೆಂಡಿನ ಭಾಗಗಳನ್ನೂ ಇಡುವ ಕಾಲಂ ಆಗಿದ್ದರೆ ಕೊನೇ ಸೆಕೆಂಡಿನ ಸಾಲು ತಪ್ಪಿಹೋಗುತ್ತೆ. ಕ್ವೆರಿ ಮುಂದೆ ಎಕ್ಸ್‌ಪ್ಲೇನ್ (ಹೇಗೆ ಹುಡುಕುತ್ತದೆ ಅಂತ ತೋರಿಸುವ ಆದೇಶ) ಸೇರಿಸಿ ಓಡಿಸಿ. ಬರುವ ಉತ್ತರದ ಟೈಪ್ ಕಾಲಂನಲ್ಲಿ ಆಲ್ ಅಂತಿದ್ದರೆ ಇಡೀ ಟೇಬಲ್ ಜಾಲಾಡುತ್ತಿದೆ ಅಂತ. ರೇಂಜ್ ಅಂತ ಬಂದರೆ ಇಂಡೆಕ್ಸ್ ಹಿಡಿದಿದೆ.

ಪ್ರಶ್ನೆ: ಹೀಗೆ ಬರೆದೆ ಸರ್, ರೇಂಜ್ ಅಂತ ಬಂತು! ಒಬ್ಬೊಬ್ಬ ಡಾಕ್ಟರ್ ಲೆಕ್ಕದಲ್ಲೂ ಹುಡುಕಬೇಕು. ಬಿಲ್ ನಂಬರ್ ಪ್ರೈಮರಿ ಕೀ ಆಗಬಹುದಾ? ಪ್ರತಿ ಏಪ್ರಿಲ್ 1ಕ್ಕೆ 1ರಿಂದ ಶುರುವಾಗುತ್ತೆ.

ಉತ್ತರ: ಡಾಕ್ಟರ್_ಐಡಿ, ವಿಸಿಟ್_ಟೈಮ್ ಎರಡೂ ಸೇರಿಸಿ ಒಂದೇ ಇಂಡೆಕ್ಸ್ ಮಾಡಿ, ಇದೇ ಕ್ರಮದಲ್ಲಿ. ಸರಿಸಮ ಅಂತ ಹುಡುಕುವ ಕಾಲಂ ಮೊದಲು, ಇಷ್ಟರಿಂದ ಇಷ್ಟು ಅನ್ನುವುದು ಆಮೇಲೆ. ಬರೀ ದಿನದ ಮೇಲೆ ಹುಡುಕೋಕೆ ಹಳೇ ಇಂಡೆಕ್ಸ್ ಹಾಗೇ ಇರಲಿ. ಬಿಲ್ ಟೇಬಲ್‌ಗೂ ಬೇರೆ ಐಡಿ ಕೊಡಿ. ಹಣಕಾಸು ವರ್ಷ ಮತ್ತು ಬಿಲ್ ನಂಬರ್ ಜೋಡಿಗೆ ಯೂನಿಕ್ ಹಾಕಿ.

ಇನ್ನೊಬ್ಬ ಸದಸ್ಯರು: ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ) ಕೊಟ್ಟರೆ ಇಂಡೆಕ್ಸ್ ತಾನೇ ಬರುತ್ತಾ?

ಉತ್ತರ: ಇಲ್ಲ ಸರ್. ಇನ್ನೋಡಿಬಿ ತಾನೇ ಮಾಡಿಕೊಳ್ಳುತ್ತೆ, ಪೋಸ್ಟ್‌ಗ್ರೆಸ್‌ನಲ್ಲಿ ನೀವೇ ಹಾಕಬೇಕು. ಇಲ್ಲದಿದ್ದರೆ ಒಬ್ಬ ಪೇಷೆಂಟ್ ಡಿಲೀಟ್ ಮಾಡಿದರೂ ಇಡೀ ವಿಸಿಟ್ ಟೇಬಲ್ ಓದಬೇಕಾಗಬಹುದು.