ಸಹಾಯ ಬೇಕು: ಕ್ಯಾಮ್‌ಡಕ್ಟ್ ಡೇಟಾಬೇಸ್‌ನಲ್ಲಿ ಬಳಸದ ಎಂಟ್ರಿ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ನಮ್ಮದು ಎಸಿ ಡಕ್ಟ್ ಮಾಡುವ ಸಣ್ಣ ಶೆಡ್. ಡಕ್ಟ್ ತುಂಡುಗಳ ಶೀಟ್ ಕತ್ತರಿಸಲು ಬಳಸುವ ಕ್ಯಾಮ್‌ಡಕ್ಟ್ ಸಾಫ್ಟ್‌ವೇರ್‌ನ ಡೇಟಾಬೇಸ್, ನಾಲ್ಕು ಜನರ ಕೈ ದಾಟಿ ಈಗ ನನ್ನ ತಲೆಗೆ ಬಂದಿದೆ. ನಾವು ಬಳಸುವುದು 24, 22 ಗೇಜ್ ಜಿಐ ಶೀಟ್, ಡಕ್ಟ್ ತುಂಡುಗಳನ್ನು ಜೋಡಿಸಲು ಟಿಡಿಎಫ್ (ಅಂಚಿನಲ್ಲೇ ಮಡಚಿದ ಫ್ಲ್ಯಾಂಜ್), ಎಸ್ ಕ್ಲೀಟ್ (ಎಸ್ ಆಕಾರದ ಪಟ್ಟಿ), ಅಷ್ಟೇ. ಪಟ್ಟಿಯಲ್ಲಿ ಮಾತ್ರ ಯಾವತ್ತೂ ಮುಟ್ಟದ ಕನೆಕ್ಟರ್ (ತುದಿಯ ಜೋಡಣೆ), ಸೀಮ್ (ಉದ್ದಕ್ಕೂ ಬರುವ ಜೋಡಣೆ), ಸ್ಪೆಸಿಫಿಕೇಶನ್ (ಯಾವ ಅಳತೆಗೆ ಯಾವ ಗೇಜ್, ಯಾವ ಜೋಡಣೆ ಎಂಬ ನಿಯಮ) ಸಿಕ್ಕಾಪಟ್ಟೆ ಇವೆ. ಮೊನ್ನೆ ನಮ್ಮ ಹುಡುಗ ತಪ್ಪು ಕನೆಕ್ಟರ್ ಆರಿಸಿ ಎರಡು ಶೀಟ್ ಸುಮ್ನೆ ಹಾಳಾಯಿತು.

ಡೇಟಾಬೇಸ್ ಫೋಲ್ಡರ್ ಕಾಪಿ ಮಾಡಿ, ಆ ಕಾಪಿಯಲ್ಲಿ ಕೆಲವು ಕನೆಕ್ಟರ್ ಅಳಿಸಿ ನೋಡಿದೆ. ಹಳೆಯ ಎಲ್ಬೋ (ಡಕ್ಟ್ ತಿರುವು) ಒಂದನ್ನು ತೆರೆದರೆ ಕನೆಕ್ಟರ್ ಜಾಗವೇ ಖಾಲಿ! ಐಟಂ ಫೈಲ್‌ಗಳನ್ನು (ಒಂದೊಂದು ಡಕ್ಟ್ ತುಂಡಿನ ಫೈಲ್) ಒಂದೊಂದೇ ತೆರೆದು ನೋಡುತ್ತಾ ಕೂತರೆ ನಮ್ಮ ಮಳೆಗಾಲವೇ ಮುಗಿದೀತು.

ಅಳಿಸುವ ಮೊದಲು, ಒಂದು ಎಂಟ್ರಿಯನ್ನು ಯಾವ ಯಾವ ಐಟಂ, ಸ್ಪೆಸಿಫಿಕೇಶನ್ ಬಳಸುತ್ತಿವೆ ಅಂತ ಒಟ್ಟಿಗೆ ಪಟ್ಟಿ ತೆಗೆಯಲು ದಾರಿ ಇದೆಯಾ?