ರಂಜಕಕ್ಕೆ ಐದು ಕ್ಲೋರಿನ್, ಆಂಟಿಮನಿಗೂ ಐದು. ನಡುವಿನ ಆರ್ಸೆನಿಕ್‌ಗೆ ಏನಾಗಿದೆ?

ಕೆಂಪುಶಾಯಿ:
ಟೆಸ್ಟಿನಲ್ಲಿ ಆರ್ಸೆನಿಕ್ ಪೆಂಟಾಕ್ಲೋರೈಡ್ (ಒಂದು ಆರ್ಸೆನಿಕ್‌ಗೆ ಐದು ಕ್ಲೋರಿನ್) ಅಂತ ಬರೆದಿದ್ದೆ. ಕೆಂಪು ಶಾಯಿಯ ಗೀಟು ಬಿತ್ತು, ಪಕ್ಕದಲ್ಲಿ "ಇಂಥದ್ದಿಲ್ಲ" ಅಂತ ಒಂದೇ ಮಾತು. ನಾನು ಸುಮ್ನೆ ಊಹಿಸಿದ್ದಲ್ಲ. ಆವರ್ತಕ ಕೋಷ್ಟಕದ 15ನೇ ಗುಂಪಿನಲ್ಲಿ ಇದರ ಮೇಲೆ ರಂಜಕ, ಕೆಳಗೆ ಆಂಟಿಮನಿ. ಮೂರಕ್ಕೂ ಹೊರಕವಚದಲ್ಲಿ ಐದೇ ಎಲೆಕ್ಟ್ರಾನ್. ಮೇಲಿನದು ಐದು ಕ್ಲೋರಿನ್ ಹಿಡಿಯುತ್ತದೆ, ಕೆಳಗಿನದೂ ಹಿಡಿಯುತ್ತದೆ. ನಡುವಿನದು ಮೂರಕ್ಕೇ ಸುಸ್ತು. ಯಾಕೆ?

ಪಾದರಸ:
ಅದು ಅರೆಲೋಹ ಅಲ್ವಾ, ಹಾಗೇ ಇರುತ್ತದೆ. ಬಾಯಿಪಾಠ ಮಾಡಿ ಬಿಡಿ.

ಹಳೇಬೆಂಚು:
ಬಾಯಿಪಾಠ ಬೇಡ ಮಾರಾಯರೇ. ಆಂಟಿಮನಿಯೂ ಅರೆಲೋಹವೇ, ಅದಕ್ಕೆ ಈ ತೊಂದರೆ ಇಲ್ಲ.

ಎಲೆಕ್ಟ್ರಾನ್ ಎಣಿಸಿ. ರಂಜಕದ 15: 2, 8, 5. ಆರ್ಸೆನಿಕ್‌ನ 33: 2, 8, 18, 5. ಎಲ್ಲರೂ ಕೊನೆಯ ಐದನ್ನೇ ನೋಡುತ್ತಾರೆ, ಕಿತಾಪತಿ ಇರುವುದು ಆ 18ರಲ್ಲಿ. ಅದರಲ್ಲಿ ಹತ್ತು 3ಡಿ ಎಲೆಕ್ಟ್ರಾನ್‌ಗಳು (ಅಂಕಿ ಕವಚದ್ದು; ಎಸ್, ಪಿ, ಡಿ ಅಂದರೆ ಅದರೊಳಗಿನ ಉಪಕವಚಗಳು). ನ್ಯೂಕ್ಲಿಯಸ್‌ನ ಸೆಳೆತ ಹೊರಗಿನವಕ್ಕೆ ಜಾಸ್ತಿ ತಾಗದಂತೆ ಮರೆ ಕಟ್ಟುವುದು ಒಳಗಿನವುಗಳ ಕೆಲಸ. ಈ ಕೆಲಸದಲ್ಲಿ ಡಿ ಎಲೆಕ್ಟ್ರಾನ್‌ಗಳು ಮಹಾ ಮೈಗಳ್ಳರು. ಹಾಗಾಗಿ ಹೊರಗಿನ ಐದರಲ್ಲಿ 4ಎಸ್‌ನ ಜೋಡಿಯನ್ನು ನ್ಯೂಕ್ಲಿಯಸ್ ಬಿಗಿಯಾಗಿ ಹಿಡಿದಿರುತ್ತದೆ. 4ಪಿಯ ಮೂರು ಸಲೀಸಾಗಿ ಬಂಧಕ್ಕೆ ಬರುತ್ತವೆ, ಅದೇ ಟ್ರೈಕ್ಲೋರೈಡ್. ಐದು ಬೇಕೆಂದರೆ ಆ ಜೋಡಿಯನ್ನೂ ಬಿಡಿಸಬೇಕು. ಕ್ಲೋರಿನ್ ಜೊತೆಗಿನ ಬಂಧದಿಂದ ಆ ಖರ್ಚು ಹುಟ್ಟುವುದಿಲ್ಲ. ಆಂಟಿಮನಿಯಲ್ಲಿ ಆ ಜೋಡಿ ಇನ್ನೂ ಒಂದು ಕವಚ ಆಚೆ ಇದೆ, ಹಿಡಿತ ಸ್ವಲ್ಪ ಸಡಿಲ.

ಅದೇ ಸಾಲಿನ ಬ್ರೋಮಿನ್‌ಗೂ ಇದೇ ಕಾಯಿಲೆ. ಕ್ಲೋರಿನ್ ತನ್ನ ಹೊರಗಿನ ಏಳೂ ಎಲೆಕ್ಟ್ರಾನ್‌ಗಳನ್ನು ಆಮ್ಲಜನಕದ ಜೊತೆ ಬಂಧಕ್ಕೆ ಬಿಡುವ ಪರ್‌ಕ್ಲೋರೇಟ್ 19ನೇ ಶತಮಾನದಲ್ಲೇ ಗೊತ್ತಿತ್ತು. ಬ್ರೋಮಿನ್‌ನ ಅಂಥದ್ದೇ ಪರ್‌ಬ್ರೋಮೇಟ್ ಕೈಗೆ ಸಿಕ್ಕಿದ್ದು 1968ರಲ್ಲಿ!

ಅಂದಹಾಗೆ "ಇಂಥದ್ದಿಲ್ಲ" ಅನ್ನುವುದೂ ಪೂರ್ತಿ ಸರಿಯಲ್ಲ. 1976ರಲ್ಲಿ ದ್ರವ ಕ್ಲೋರಿನ್‌ನಲ್ಲಿ ಟ್ರೈಕ್ಲೋರೈಡ್ ಇಟ್ಟು, ಮೈನಸ್ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿನೇರಳೆ ಬೆಳಕು ಬಿಟ್ಟು ಅದನ್ನು ಮಾಡಿದರು. ಮೈನಸ್ 50ರ ಹತ್ತಿರ ಬಂದರೆ ಮತ್ತೆ ಒಡೆದು ಹೋಗುತ್ತದೆ. ನಿಮಗೆ ಅರ್ಧ ಮಾರ್ಕಾದರೂ ಬರಬೇಕಿತ್ತು.

ಕೆಂಪುಶಾಯಿ:
ಅರ್ಧ ಮಾರ್ಕು ಕೇಳಿಯೇ ಕೇಳುತ್ತೇನೆ. ಆದರೆ ಆರ್ಸೆನೇಟ್‌ನಲ್ಲಿ ಪ್ಲಸ್ 5 (ಹೊರಗಿನ ಐದೂ ಎಲೆಕ್ಟ್ರಾನ್ ಬಂಧಕ್ಕೆ ಬಂದ ಸ್ಥಿತಿ) ಹೇಗೆ ಆರಾಮಾಗಿದೆ?

ಹಳೇಬೆಂಚು:
ಅಲ್ಲಿ ಜೊತೆಗಿರುವುದು ಆಮ್ಲಜನಕ. ಅದರ ಬಂಧ ಗಟ್ಟಿ, ಖರ್ಚು ಹುಟ್ಟುತ್ತದೆ. ಫ್ಲೋರಿನ್ ಆದರೂ ಅಷ್ಟೇ, ಪೆಂಟಾಫ್ಲೋರೈಡ್ ಮಾಮೂಲಿ ತಾಪದಲ್ಲೂ ಉಳಿಯುವ ಅನಿಲ. ಆದರೂ ಹಿಂಜರಿಕೆ ಹೋಗಿಲ್ಲ ನೋಡಿ: ಸಾಕಷ್ಟು ಗಾಳಿಯಲ್ಲಿ ರಂಜಕ ಉರಿದರೆ ನೇರ ಪ್ಲಸ್ 5ರ ಆಕ್ಸೈಡ್, ಆರ್ಸೆನಿಕ್ ಉರಿದರೆ ಪ್ಲಸ್ 3ಕ್ಕೇ ನಿಲ್ಲುತ್ತದೆ. ಮುಂದಕ್ಕೆ ದಾಟಿಸಲು ನೈಟ್ರಿಕ್ ಆಮ್ಲದಂಥದ್ದು ಬೇಕು.

ಪಾದರಸ:
ಬಾಯಿಪಾಠದ ಮಾತು ವಾಪಸ್. ಇದು ವಿಷ ಆಗುವುದಕ್ಕೂ ಈ ಐದು-ಮೂರರ ಲೆಕ್ಕವೇ ಕಾರಣವಾ?

ಹಳೇಬೆಂಚು:
ಎರಡಕ್ಕೂ ಬೇರೆ ಬೇರೆ ದಾರಿ. ಪ್ಲಸ್ 5ರ ಆರ್ಸೆನೇಟ್ ನೋಡಲು ಫಾಸ್ಫೇಟ್ ಥರವೇ ಇರುತ್ತದೆ. ಜೀವಕೋಶ ಮೋಸಹೋಗಿ ಫಾಸ್ಫೇಟ್ ಬದಲು ಅದನ್ನು ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಕಟ್ಟುವ ಜಾಗಕ್ಕೆ ಸೇರಿಸುತ್ತದೆ, ಆ ಜೋಡಣೆ ನೀರು ತಾಗಿದ ತಕ್ಷಣ ಕಳಚುತ್ತದೆ. ಪ್ಲಸ್ 3 ವೇಷ ಹಾಕುವುದಿಲ್ಲ. ಕಿಣ್ವಗಳಲ್ಲಿರುವ ಗಂಧಕವನ್ನೇ ಕಚ್ಚಿ ಹಿಡಿಯುತ್ತದೆ.